ಹನ್ನೊಂದು ಒಂದುಗಳು

ಹನ್ನೊಂದು ಒಂದುಗಳನ್ನು ಸಾಲಾಗಿ ಬರೆದರೆ ಆಗುವ ಸಂಖ್ಯೆಯ ಬೆನ್ನು ಹತ್ತಿ ರೇಷ್ಮೆ ನೇಕಾರ ಏಬೆಲ್ ಒಝಿಯರ್ ಒಂಬತ್ತು ವರ್ಷ ಕಳೆದಿದ್ದ. ಅದು ಅವಿಭಾಜ್ಯ, ಯಾವುದಕ್ಕೂ ಬಗ್ಗುವುದಿಲ್ಲ ಎಂದು ತೋರಿಸುವ ಹಟ. ಅದಕ್ಕೆ ಸುಮಾರು ಹತ್ತು ಸಾವಿರ ಭಾಗಾಕಾರ ಬೇಕಿತ್ತು. ಪುಣ್ಯಾತ್ಮ ಅಷ್ಟನ್ನೂ ಮಾಡಿ ಮುಗಿಸಿದ್ದ.

ಸ್ಪಿಟಲ್‌ಫೀಲ್ಡ್ಸ್‌ನ ನೇಕಾರರು ಶನಿವಾರ ಸಂಜೆ ಹೆಂಡದಂಗಡಿಯ ಮಾಳಿಗೆಯಲ್ಲಿ ಗಣಿತಕ್ಕೆಂದು ಕೂಡುತ್ತಿದ್ದರು. ಅಂದು ಕೂಟದ ದೊಡ್ಡ ಪುಸ್ತಕದಲ್ಲಿ ಆ ಸಂಖ್ಯೆಯ ಜೊತೆ ಅವನ ಹೆಸರನ್ನು ಒಂದು ಸಾಲಾಗಿ ಬರೆಯುವುದಿತ್ತು. ಕಳೆದ ಈಸ್ಟರ್‌ನಲ್ಲಿ ಕಣ್ಣು ಮಂಜಾಗಿದೆ ಎಂದು ಹೆಂಡತಿಗೆ ಹೇಳಿದವನಿಗೆ ಈಗ ಕಿಟಕಿಯ ಬೆಳಕೂ ತಿಳಿಯುತ್ತಿರಲಿಲ್ಲ. ನೇಯ್ದ ರೇಷ್ಮೆ ಯಾರದೋ ಮೈಮೇಲೆ ಹರಿದುಹೋಗುತ್ತದೆ. ಆ ಒಂದು ಸಾಲಾದರೂ ತನ್ನದಾಗಿ ಉಳಿಯಲಿ ಎಂದು ಅವನು ಜೀವ ಹಿಡಿದುಕೊಂಡಿದ್ದ.

ಆ ಬೆಳಿಗ್ಗೆ ಹೆಂಡತಿ ಜುಡಿತ್ ಅವನ ಲೆಕ್ಕದ ಪುಸ್ತಕದ ಹಳೆಯ ಪುಟಗಳನ್ನು ಓದುತ್ತಿದ್ದಳು. ಅವನು ಲಾಳಿ ಎಸೆಯುತ್ತ ಮನಸ್ಸಿನಲ್ಲೇ ತಾಳೆ ನೋಡುತ್ತಿದ್ದ. ಆರು ವರ್ಷದ ಹಿಂದಿನ ಪುಟ. ಭಾಜಕ 21649.

"ಇಲ್ಲಿ 8443 ಅಂತಿದೆ. ಕೆಳಗಿನ ಸಾಲಲ್ಲಿ 3443 ಅಂತ ಇಳಿಸಿದ್ದೀರಿ."

ಲಾಳಿ ನಿಂತಿತು. ಏಬೆಲ್ ಎಂಟನ್ನೇ ಇಟ್ಟುಕೊಂಡು ಮುಂದುವರಿದ. ಭಾಗಲಬ್ಧ 513239, ಶೇಷ ಸೊನ್ನೆ. ಮತ್ತೆ ಮಾಡಿದ, ಸೊನ್ನೆ. ಮೂರನೆಯ ಸಲ ತಪ್ಪಲೆಂದೇ ಬೇಡಿಕೊಳ್ಳುತ್ತ ಮಾಡಿದ. ಆಗಲೂ ಸೊನ್ನೆ.

"ಒಡೆದುಹೋಯ್ತು ಕಣೇ."

ಜುಡಿತ್ ಪುಸ್ತಕ ಮುಚ್ಚಿದಳು. "ಹತ್ತು ಸಾವಿರದಲ್ಲಿ ಇದೊಂದನ್ನ ಯಾರು ಹುಡುಕ್ತಾರೆ? ನಾನಂತೂ ಬಾಯಿ ಬಿಡಲ್ಲ. ಬರೆಸ್ಕೊಂಡು ಬನ್ನಿ."

ಬರೆಸಿಕೊಳ್ಳುವುದೆಂದೇ ಗಟ್ಟಿಮಾಡಿಕೊಂಡು ಸಂಜೆ ಅವಳ ತೋಳು ಹಿಡಿದು ಹೋದ. ಅವಳು ಕೆಳಗೇ ಕಾದಳು. ಮೇಲೆ ಹೊಗೆಸೊಪ್ಪಿನ ವಾಸನೆ, ಬಿಯರ್ ಲೋಟಗಳ ಸದ್ದು. ಲೇಖನಿ ಎತ್ತುವ ಮುಂಚೆ ಬೀಗ ಮಾಡುವ ನ್ಯಾಥನ್ ಪಿಲ್ ಛೇಡಿಸಿದ: "ಏಬೆಲಣ್ಣ, ನನ್ನ ಬೀಗ ಆದ್ರೂ ಒಡೆದೀತು, ನಿನ್ನ ಸಂಖ್ಯೆ ಒಡೆಯಲ್ಲ ತಾನೇ?"

ಎಲ್ಲರೂ ನಕ್ಕರು. ಆದರೆ ಕೇಳಿದ್ದು ಪ್ರಶ್ನೆ. ಸದಸ್ಯನೊಬ್ಬ ಗಣಿತದ ಪ್ರಶ್ನೆ ಕೇಳಿದರೆ ಉಳಿದವರು ತಮಗೆ ಗೊತ್ತಿದ್ದಷ್ಟನ್ನು ಬಿಡಿಸಿ ಹೇಳಲೇಬೇಕು. ಅದು ಕೂಟದ ಕಟ್ಟಳೆ. ಇಪ್ಪತ್ತು ವರ್ಷ ಏಬೆಲ್ ಅದನ್ನು ಮುರಿದವನಲ್ಲ. ಪಿಲ್‌ನ ಮೇಲೆ ಅವನಿಗೆ ಕೊಲ್ಲುವಷ್ಟು ಸಿಟ್ಟು ಬಂತು.

"ಒಡೆಯುತ್ತೆ," ಎಂದ. "ಹಲಗೆ ಮೇಲೆ ಬರ್ಕೋ, ಹೇಳ್ತೀನಿ."

ಒಂದೊಂದೇ ಅಂಕಿ ಹೇಳಿದ. ಸೀಮೆಸುಣ್ಣದ ಸದ್ದು ನಿಂತಿತು. ದೊಡ್ಡ ಪುಸ್ತಕ ಮುಚ್ಚಿದ್ದು ಕೇಳಿಸಿತು.

ಕೆಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಜುಡಿತ್ ಮನೆಯ ದಾರಿಯಲ್ಲಿ ಕೇಳಿದಳು.

"ಯಾಕೆ ಹೇಳಿದ್ರಿ?"

"ಕೇಳಿದ್ರು ಕಣೇ."

"ಹಾಗಾದ್ರೆ ನಾನೂ ಒಂದು ಕೇಳ್ತೀನಿ. ಆರು ವರ್ಷದ ಹಿಂದೆ ನಿಮಗೆ ಎಂಟು ಮೂರರ ಥರ ಕಾಣ್ತಿತ್ತಾ?"

ಅವನು ನಿಂತುಬಿಟ್ಟ.

"ಹೂಂ," ಎಂದ. "ಆಗ್ಲೇ ನಿನ್ನ ಮುಖಾನೂ ಸರಿಯಾಗಿ ಕಾಣ್ತಿರ್ಲಿಲ್ಲ."