ಒಂದು ಸೈಜ್ ದೊಡ್ಡ ಬಿಲ್ಲು

ಅಗಸೆ ಎಣ್ಣೆಯ ವಾಸನೆ ಅಷ್ಟೇನೂ ಚೆನ್ನಾಗಿರುವುದಿಲ್ಲ. ಆದರೂ ಅದು ಎಲ್ಲಿ ಮೂಗಿಗೆ ಬಡಿದರೂ ನಾನು ಹನ್ನೊಂದು ವರ್ಷದವಳಾಗಿ ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ ನಿಂತುಬಿಡುತ್ತೇನೆ. ಎರಡು ಕೋಣೆ, ಕೂಲರಿನ ಗೊರಗೊರ, ಬಾಲ್ಕನಿಯಲ್ಲಿ ಅಮ್ಮ ಒಣಹಾಕಿದ ಸಂಡಿಗೆ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಮಕ್ಕಳಿಗೆ ಕೊಳ್ಳುವುದೆಲ್ಲ ಒಂದು ಸೈಜ್ ದೊಡ್ಡದಿರಬೇಕೆಂಬುದು ಆ ಮನೆಯ ಧರ್ಮವಾಗಿತ್ತು. ಶೂ ತುದಿಗೆ ಹತ್ತಿ ತುರುಕುತ್ತಿದ್ದರು. ಯೂನಿಫಾರ್ಮಿನ ಸ್ಕರ್ಟನ್ನು ಅಮ್ಮ ನಾಲ್ಕು ಬೆರಳು ಮಡಿಚಿ ಹೊಲಿದು, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದಳು. ನಿಮ್ಮ ಮನೆಯಲ್ಲೂ ಹೀಗೇ ಇತ್ತು ತಾನೆ? ಒಂದು ಬಟ್ಟೆಯಾದರೂ ನನಗೆ ಸರಿಯಾಗಿ ಕೂತ ದಿನ ನೆನಪಿಲ್ಲ. ಒಂದೋ ಜೋಲು, ಇಲ್ಲ ಬಿಗಿ.

ಶಾಲೆಯಲ್ಲಿ ಆರ್ಚರಿ ಕ್ಲಾಸ್ ಶುರುವಾಯಿತು. ಇಪ್ಪತ್ತು ಹುಡುಗಿಯರಿಗೆ ಎರಡೇ ಬಿಲ್ಲು. ನನ್ನದೇ ಒಂದು ಬೇಕೆಂದು ತಿಂಗಳುಗಟ್ಟಲೆ ಅಪ್ಪನ ತಲೆ ತಿಂದೆ. ಮೆಟ್ರೋ ಇನ್ನೂ ನಮ್ಮ ಕಡೆಗೆ ಬಂದಿರದ ಕಾಲ. ಒಂದು ಭಾನುವಾರ ಬಸ್ಸು ಬದಲಿಸುತ್ತ ಫರೀದಾಬಾದಿಗೆ ಹೋದೆವು. ಅಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರ್ ಒಬ್ಬರು ಮನೆಯ ಹಿಂದಿನ ಶೆಡ್ಡಿನಲ್ಲಿ ಬಿದಿರಿನ ಬಿಲ್ಲು ಮಾಡುತ್ತಿದ್ದರು. ಎಲ್ಲರೂ ಅವರನ್ನು ಮಿಸ್ತ್ರೀಜಿ ಎನ್ನುತ್ತಿದ್ದರು. ಬಳೆ ಆರಿಸಿದ ಹಾಗೆ ಬಿಲ್ಲು ಆರಿಸುವುದೆಂದುಕೊಂಡಿದ್ದ ನನ್ನನ್ನು ಅವರು ಗೋಡೆಗೆ ಒರಗಿಸಿ, ಎರಡೂ ಕೈ ಚಾಚಿಸಿ, ಬೆರಳ ತುದಿಗೆ ಸೀಮೆಸುಣ್ಣದ ಗೆರೆ ಹಾಕಿದರು. ಯಾವ ಕಣ್ಣು ಗುರಿ ಹಿಡಿಯುತ್ತದೆಂದು ಹೆಬ್ಬೆರಳು ಎತ್ತಿಸಿ ನೋಡಿದರು. ರದ್ದಿ ಕೊಳ್ಳುವ ಭಯ್ಯಾನ ಬಳಿ ಇರುವಂಥ ಕೊಕ್ಕೆಯ ತಕ್ಕಡಿಗೆ ಹಗ್ಗ ಕಟ್ಟಿ ಎಳೆಸಿದರು. ಕೊನೆಗೆ ಒಳಗಿನಿಂದ ಚಪಾತಿ ಹಿಟ್ಟಿನ ಉಂಡೆ ತಂದು, ಗಟ್ಟಿಯಾಗಿ ಹಿಡಿ ಎಂದರು. ನನ್ನ ಐದೂ ಬೆರಳು ಅದರಲ್ಲಿ ಮೂಡಿದವು. ಬಿಲ್ಲಿನ ಹಿಡಿಯನ್ನು ಅದನ್ನು ನೋಡಿಯೇ ಕೆತ್ತುತ್ತಾರಂತೆ. ಹಿಟ್ಟು ಒಣಗಿ ಬಿರಿದರೆ? ಇಲಿ ತಿಂದರೆ? ಬಿದಿರಿನ ಗೆಣ್ಣಿದ್ದಲ್ಲಿ ಬಿಲ್ಲು ಬಾಗುವುದು ಹೇಗೆ? ನನ್ನ ಯಾವ ಪ್ರಶ್ನೆಗೂ ಅವರು ಬೇಸರಪಡಲಿಲ್ಲ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲು ಸೀಳಿಹೋಗುತ್ತದೆ, ಎಳೆದದ್ದನ್ನು ನಿಧಾನವಾಗಿ ಮರಳಿಸಬೇಕು ಎಂದೂ ಹೇಳಿಕೊಟ್ಟರು.

ನನ್ನ ತೋಳಿಗೆ ಇಪ್ಪತ್ತು ಪೌಂಡ್ ಎಳೆತ ಸಾಕೆಂದು ಮಿಸ್ತ್ರೀಜಿ ತೀರ್ಮಾನಿಸಿದರು. ಅಪ್ಪ ಒಪ್ಪಲಿಲ್ಲ.

“ಬಚ್ಚೀ ಬಡೀ ಹೋಗೀ, ಮಿಸ್ತ್ರೀಜಿ. ಪೈಂತೀಸ್ ಕರ್ ದೋ,” ಎಂದರು, ತಮ್ಮ ಕನ್ನಡದ ಹಿಂದಿಯಲ್ಲಿ.

ಮಿಸ್ತ್ರೀಜಿ ನಕ್ಕರು. “ಸಾಹಬ್, ಕಮಾನ್ ಸ್ವೆಟರ್ ನಹೀಂ ಹೈ.” ಬಿಲ್ಲೆಂದರೆ ಸ್ವೆಟರ್ ಅಲ್ಲವಂತೆ.

“ಅಪ್ಪಾ, ಪ್ಲೀಸ್, ಮೂವತ್ತೈದು ನನ್ನಿಂದ ಆಗಲ್ಲ,” ಎಂದು ನಾನು ಅಂಗಿ ಜಗ್ಗಿದೆ.

“ಬೆಳೀತೀಯಲ್ಲ ಪುಟ್ಟಿ. ವರ್ಷಕ್ಕೊಂದು ಬಿಲ್ಲು ಮಾಡಿಸೋಕಾಗತ್ತಾ?” ಅಲ್ಲಿಗೆ ಮಾತು ಮುಗಿಯಿತು.

ಎರಡು ತಿಂಗಳಿಗೆ ಬಿಲ್ಲು ಬಂತು. ಹಿಡಿ ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿತ್ತು, ಜನ್ಮದಲ್ಲಿ ಮೊದಲ ಬಾರಿಗೆ ಒಂದು ವಸ್ತು ನನ್ನ ಅಳತೆಗೆ ಸರಿಯಾಗಿತ್ತು. ಹೆದೆ ಮಾತ್ರ ತುಟಿಯಂಚಿಗೆ ಬರಬೇಕಾದ್ದು ಒಂದು ಗೇಣು ಮುಂದೆಯೇ ನಿಂತುಬಿಡುತ್ತಿತ್ತು. ಶಾಲೆಯಲ್ಲಿ ಮತ್ತೆ ಆ ಎರಡು ಬಿಲ್ಲಿನ ಸಾಲಿನಲ್ಲೇ ನಿಂತೆ. ಬಿಲ್ಲನ್ನು ಬೈದರೆ ಅಮ್ಮ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಕಾಡಿಸುತ್ತಿದ್ದಳು. ಅಪ್ಪನ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಅವರೋ, ಪ್ರತಿ ಭಾನುವಾರ ಬಿಲ್ಲಿಗೆ ಅಗಸೆ ಎಣ್ಣೆ ಸವರಿ, ನನ್ನ ಕೈಗಿತ್ತು, ಪೇಪರ್ ಹಿಂದಿನಿಂದ ಕೇಳುತ್ತಿದ್ದರು: “ಎಷ್ಟು ಬಂತು?” ನಾನು ಬೆರಳಿನ ಲೆಕ್ಕದಲ್ಲಿ ಹೇಳುತ್ತಿದ್ದೆ. ಎಂಟು ಬೆರಳು ದೂರ. ಮುಂದಿನ ವರ್ಷ ಆರು. ಪೂರ್ತಿ ಬಂದ ದಿನ ಪೇಪರ್ ಇಳಿಸಿ ನೋಡುತ್ತೇನೆ ಎನ್ನುತ್ತಿದ್ದರು. ಸಿಟ್ಟು ಯಾವಾಗಲೋ ಹೋಗಿ, ಅವರು ಒಮ್ಮೆ ಆ ಪೇಪರ್ ಇಳಿಸಲಿ ಎಂಬುದೇ ನನ್ನ ಆಸೆಯಾಯಿತು.

ಮೂರು ಬೆರಳು ಉಳಿದಿತ್ತು. ಆ ಚಳಿಗಾಲ ಆಫೀಸಿಗೆ ಹೋದ ಅಪ್ಪ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಮನೆಗೆ ನಡೆದು ಬರಲಿಲ್ಲ. ಕ್ವಾರ್ಟರ್ಸ್ ಬಿಡಬೇಕಾಯಿತು. ಬಿಲ್ಲನ್ನು ಅಮ್ಮ ತನ್ನ ಹಳೆಯ ಸೀರೆಯಲ್ಲಿ ಸುತ್ತಿದಳು. ಮನೆಯಿಂದ ಮನೆಗೆ ಬೀರುವಿನ ಮೇಲೇರಿ ಬಂದ ಅದನ್ನು ನಾನು ಮುಟ್ಟಲಿಲ್ಲ. ನಮ್ಮ ಬ್ಲಾಕನ್ನೂ ಈಗ ಕೆಡವಿದ್ದಾರಂತೆ.

ಹೋದ ಭಾನುವಾರ ಅದನ್ನು ಇಳಿಸಿದೆ. ಎಣ್ಣೆ ಸವರಿ, ಹೊಸ ಹೆದೆ ಏರಿಸಿ ಹಿಡಿದೆ. ಹಿಡಿ ಚಿಕ್ಕದಾಗಿತ್ತು, ಕಿರುಬೆರಳಿಗೆ ಜಾಗವೇ ಇಲ್ಲ. ಎಳೆದೆ. ಬಿದಿರು ಒಮ್ಮೆ ನರಳಿ ಬಾಗಿತು. ಎಣ್ಣೆಯ ವಾಸನೆ ಅಡುಗೆಮನೆಗೂ ಹೋಗಿರಬೇಕು.

“ಎಷ್ಟು ಬಂತು?” ಎಂದಳು ಅಮ್ಮ ಅಲ್ಲಿಂದಲೇ.

“ಪೂರ್ತಿ ಬಂತಮ್ಮಾ.”

ಹೆದೆ ತುಟಿಯಂಚಿಗೆ ತಾಗಿತ್ತು. ಬಾಣವಿರಲಿಲ್ಲ, ಹಾಗಾಗಿ ಬಿಡುವಂತಿರಲಿಲ್ಲ. ಪೇಪರ್ ಇಳಿಸಿ ಒಬ್ಬರು ತಲೆಯೆತ್ತಿ ನೋಡುವಷ್ಟು ಹೊತ್ತು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ನಿಧಾನವಾಗಿ ಮರಳಿಸಿದೆ.