ವೈಟ್‌ಫೀಲ್ಡಿನಲ್ಲಿ ಪ್ರತಿಭೆ ಅಳೆಸಿದ್ದು

ಬುದ್ಧಿವಂತ ಮಕ್ಕಳೆಂದರೆ ನನಗೆ ಈಚೆಗೆ ಸುಸ್ತು. ದಡ್ಡ ಮಗುವಿನ ಅಪ್ಪನಿಗೆ ಭಾನುವಾರ ಮಧ್ಯಾಹ್ನದ ನಿದ್ದೆಯಾದರೂ ಸಿಗುತ್ತದೆ. ಪ್ರತಿಭಾವಂತೆಯ ಅಪ್ಪನಾದರೋ ಅಬ್ಯಾಕಸ್ಸಿನಿಂದ ಚೆಸ್ಸಿಗೆ, ಚೆಸ್ಸಿನಿಂದ ಕೀಬೋರ್ಡಿಗೆ ಸ್ಕೂಟರ್ ಓಡಿಸುವ ಸಾರಥಿ. ಉಪದೇಶ ಮಾಡುವುದಕ್ಕೂ ಅವನಿಗೆ ಪುರುಸೊತ್ತಿಲ್ಲ.

ಬೆಳೆಯುವ ಸಿರಿ ಮೊಳಕೆಯಲ್ಲೇ ಎಂದರು ಹಿರಿಯರು. ಮೊಳಕೆಯನ್ನು ಕಿತ್ತು ನೋಡಿ ಎಂದು ಮಾತ್ರ ಹೇಳಿರಲಿಲ್ಲ. ಆ ಕೆಲಸಕ್ಕೆ ಈಗ ವೈಟ್‌ಫೀಲ್ಡಿನಲ್ಲಿ ಒಂದು ಕೇಂದ್ರವೇ ಇದೆ. ಎರಡನೇ ಕ್ಲಾಸಿನ ನನ್ನ ಮಗಳು ಸಿಂಚನಾ ಪ್ರತಿಭಾವಂತೆ ಎಂದು ಅಲ್ಲಿನವರು ಒಪ್ಪಿದರೆ, ಅವಳ ಶಾಲೆಯ ವಿಶೇಷ ತರಗತಿಯಲ್ಲಿ ಸೀಟು. ಮಗುವಿನ ಜೊತೆ ಮನೆಯಲ್ಲಿ ಹೆಚ್ಚು ಹೊತ್ತು ಇರುವವರನ್ನೂ ಕರೆತನ್ನಿ ಎಂದಿದ್ದರು. ಹಾಗಾಗಿ ನನ್ನ ಅವ್ವನನ್ನೂ ಕೂರಿಸಿಕೊಂಡು ಬೇಗೂರಿನಿಂದ ಆಟೋದಲ್ಲಿ ಹೊರಟೆವು. ಆ ಟ್ರಾಫಿಕ್ಕಿನಲ್ಲಿ ನನಗಿದ್ದ ಅಲ್ಪಸ್ವಲ್ಪ ಬುದ್ಧಿಯೂ ಆವಿಯಾಯಿತು.

ಸಿಂಚನಾ ಒಗಟುಗಳನ್ನೆಲ್ಲ ನಗುನಗುತ್ತಾ ಬಿಡಿಸಿದಳು. ಆಮೇಲೆ ಅಲ್ಲಿನ ಮೇಡಂ ಅವ್ವನನ್ನು ಕೇಳಿದರು, "ಮೊಮ್ಮಗಳಲ್ಲಿ ಏನಜ್ಜಿ ವಿಶೇಷ?"

"ಇಸೇಸ ಏನೈತವ್ವ? ಪೆದ್ದು ಮುಂಡೇದು."

"ಪೇಪರ್ ಓದ್ತಾಳಂತೆ?"

"ಅಯ್ಯೋ, ಬರೀ ಬೊಂಬೆ ನೋಡ್ತದೆ."

ನಾನು ದಂಗಾದೆ. ದಿನಾ ಬೆಳಿಗ್ಗೆ ಅದೇ ಮಗುವಿನಿಂದ ಪೇಪರ್ ಓದಿಸಿಕೊಳ್ಳದೆ ಅವ್ವನಿಗೆ ಕಾಫಿ ಇಳಿಯುವುದಿಲ್ಲ. ಪಕ್ಕಕ್ಕೆ ಕರೆದು ಕೇಳಿದರೆ ನನಗೇ ಗದರಿದಳು, "ಗೊತ್ತಿಲ್ದೋರ ಎದ್ರುಗೆ ಮಗೀನ ಒಗಳ್ತಾರೇನ್ಲಾ? ಕಣ್ ಬಿದ್ರೆ?"

ನಮ್ಮ ವಂಶದಲ್ಲಿ ಚೆಂದದ ಮಗುವಿಗೆ ತಿಪ್ಪಯ್ಯ ಎಂದು ಹೆಸರಿಟ್ಟು ಕಾಪಾಡಿಕೊಂಡವರಿದ್ದಾರೆ. ಇದನ್ನು ಮೇಡಂಗೆ ವಿವರಿಸಲು ಹೋದೆ. ಅವರು ಆಯಾಸದಿಂದ ನಕ್ಕರು. ಹೊಗಳುವ ಅಪ್ಪಂದಿರನ್ನು ದಿನವೂ ಕಂಡು ಬೇಸತ್ತವರಿಗೆ ತೆಗಳುವ ಅಜ್ಜಿಯೇ ಸತ್ಯವಂತೆಯಾಗಿ ಕಂಡಿರಬೇಕು. "ಈ ವರ್ಷ ಬೇಡ ಸಾರ್, ಮುಂದೆ ನೋಡೋಣ," ಎಂದರು.

ಸೀಟು ಹೋದದ್ದಕ್ಕೆ, ನಿಜ ಹೇಳಬೇಕೆಂದರೆ, ನನಗೆ ಅರ್ಧ ಸಮಾಧಾನವೇ ಆಯಿತು. ಆದರೆ ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ಓದಿ ತಲೆ ತಿನ್ನುವ ಹುಡುಗಿ ಅಂದು ಒಂದನ್ನೂ ಓದಲಿಲ್ಲ. ಬೊಮ್ಮನಹಳ್ಳಿ ದಾಟಿದ ಮೇಲೆ, "ಅಜ್ಜಿ, ನಾನು ನಿಜವಾಗ್ಲೂ ಪೆದ್ದಾ?" ಎಂದಳು. ಅವ್ವ ಆಟೋದವನ ಬೆನ್ನನ್ನೊಮ್ಮೆ ನೋಡಿ, ಮೊಮ್ಮಗಳ ತಲೆಗೆ ಸೆರಗು ಹೊದಿಸಿದಳು. ನನಗೆ ಅವ್ವನ ಮೇಲೆ ಸಿಟ್ಟು ಬಂತು. ಜಗಳವಾಡಲು ಮಾತ್ರ ತ್ರಾಣವಿರಲಿಲ್ಲ.

ಮನೆಗೆ ಬಂದದ್ದೇ ಅವ್ವ ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿ, ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯತೊಡಗಿದಳು. ಮುಷ್ಟಿ ಸುತ್ತಿದತ್ತ ಸಿಂಚನಾಳ ಕಣ್ಣೂ ಸುತ್ತುತ್ತಿತ್ತು.

"ಅಜ್ಜಿ, ಪೆದ್ದರಿಗೂ ದೃಷ್ಟಿ ಆಗುತ್ತಾ?"

ಅವ್ವನ ಕೈ ನಿಂತಿತು. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು. "ಪೆದ್ದುಗೆ ಯಾರ್ ಮಗಾ ಕಣ್ಣಾಕ್ತಾರೆ? ಸುಮ್ಕೆ ಕೂತ್ಕೋ."

ಸಿಂಚನಾ ಬಾಯಿ ತುಂಬ ನಕ್ಕಳು. ಅವ್ವ ಆ ನಗುವನ್ನು ನೋಡಿದಳು, ಒಳಗೆ ಹೋಗಿ ಇನ್ನೊಂದು ಹಿಡಿ ಮೆಣಸಿನಕಾಯಿ ತಂದಳು.