ಮಲಕ್ಕಾದ ಚಾರ್ಟು

ಆಗ ಕೊಲ್ಲಿ ನಾಡಿನ ಹೂರಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮಕ್ಕಳಿಗೆ ಮೆಟ್ಟಿಲ ಮೇಲೆಯೇ ಗೊತ್ತಾಗುತ್ತಿತ್ತು. ಮೇಲಿನ ಮಹಡಿಯಿಂದ ತೆಂಗಿನಹಾಲಿನಲ್ಲಿ ಬೆಂದ ಅನ್ನದ ಪರಿಮಳ ಬಂದರೆ ನಾನು ಕುಂಟೆಬಿಲ್ಲೆಯನ್ನು ಅರ್ಧಕ್ಕೇ ಬಿಟ್ಟು ಸಿತಿಯ ಮನೆಗೆ ಓಡುತ್ತಿದ್ದೆ. ಮಲೇಷ್ಯಾದ ಸಿತಿ ನನ್ನದೇ ಕ್ಲಾಸು. ಅನ್ನದ ಮೇಲೆ ಅವಳಮ್ಮ ಹಾಕುತ್ತಿದ್ದ ಹುರಿದ ಒಣಮೀನು ನಮ್ಮ ಉಡುಪಿಯದ್ದೇ ಎಂದು ನನ್ನ ವಾದ.

ಚಳಿ ಶುರುವಾಗುವಾಗ ಶಾಲೆಯಲ್ಲಿ ವಸ್ತುಪ್ರದರ್ಶನ. ಸಿತಿ ತನ್ನ ದೇಶದ ಬಂದರು ಮಲಕ್ಕಾಕ್ಕೆ ಇಸ್ಲಾಂ ಬಂದ ಕಥೆ ಬರೆದಳು, ಚಿತ್ರ ನಾನು ಬಿಡಿಸಿದೆ. ಗುಜರಾತಿನಿಂದ, ಅರಬ್ಬರ ನಾಡಿನಿಂದ ವ್ಯಾಪಾರಿಗಳ ಹಡಗುಗಳು ಬಂದದ್ದು, ಅಲ್ಲಿನ ರಾಜ ಆ ಧರ್ಮ ಸ್ವೀಕರಿಸಿ ಸುಲ್ತಾನನಾದದ್ದು, ಆಸ್ಥಾನಕ್ಕೆ ಪಂಡಿತರು ಸೇರಿದ್ದು, ನೆರೆಯ ಅರಮನೆಗಳ ಜೊತೆ ಮದುವೆಯ ನಂಟು ಬೆಳೆದದ್ದು, ಮಲಯ ಭಾಷೆಯೊಂದಿಗೆ ಧರ್ಮವೂ ಬಂದರಿನಿಂದ ಬಂದರಿಗೆ ಹೋದದ್ದು, ಎಲ್ಲ ಅದರಲ್ಲಿತ್ತು. ಸುಲ್ತಾನರು ಯುದ್ಧ ಮಾಡಿ ಕೆಲವು ಊರು ಗೆದ್ದದ್ದನ್ನೂ ಅವಳು ಮುಚ್ಚಿಡಲಿಲ್ಲ.

ನಮ್ಮ ಕ್ಲಾಸಿನ ಮೇಡಂ ಚಾರ್ಟನ್ನು ನೋಡಿ, "ಇಷ್ಟೆಲ್ಲ ಯಾರು ಓದ್ತಾರೆ? ಕತ್ತಿಯಿಂದ ಹರಡಿತು ಅಂತ ಒಂದು ಸಾಲು ಹಾಕಿ, ಸಾಕು" ಎಂದರು.

ಸಿತಿಯ ಮುಖ ಕೆಂಪಾಯಿತು. ನಾನೆಂದೆ, "ಅದು ಹಾಗಲ್ಲ ಮೇಡಂ."

"ನಿನಗ್ಯಾಕೆ? ನೀನು ಅವರವಳಾ?"

"ಅಲ್ಲ. ಆದ್ರೆ ಚಿತ್ರ ನಂದು."

"ಬದಲಾಯಿಸದಿದ್ರೆ ಹಾಲ್‌ನಲ್ಲಿ ಜಾಗ ಇಲ್ಲ."

ಮನೆಯಲ್ಲಿ ಅಪ್ಪ, "ಒಂದು ಸಾಲು ಅಲ್ವಾ ಮಗಾ, ಬರ್ದುಬಿಡು. ಪರದೇಶದಲ್ಲಿ ಯಾಕೆ ಜಗಳ?" ಎಂದರು.

ಅಮ್ಮ ಮೀನು ಹೆಚ್ಚುತ್ತಿದ್ದವರು ತಲೆಯೆತ್ತಿದರು. "ಸುಳ್ಳು ಬರೀಲಿಕ್ಕೆ ಶಾಲೆಗೆ ಕಳಿಸಿದ್ದಾ ನಾವು?"

ಪ್ರದರ್ಶನದ ದಿನ ಏನೂ ಬದಲಾಯಿಸದೆ ನಾವಿಬ್ಬರೂ ಶಾಲೆಯ ಗೇಟಿನ ಪಕ್ಕ, ಬಸ್ಸು ನಿಲ್ಲುವ ಕಡೆಯ ನೆರಳಿನಲ್ಲಿ ನಿಂತೆವು. ಗಾಳಿಗೆ ಹಾರುತ್ತಿದ್ದ ಚಾರ್ಟನ್ನು ನಾನು ಎರಡೂ ಕೈಯಲ್ಲಿ ಹಿಡಿದೆ. ಸಿತಿ ಹೇಳತೊಡಗಿದಳು. ಒಳಗೆ ಹೊರಟಿದ್ದ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ನಿಂತರು. ಮೇಡಂ ದುಡುದುಡು ಬಂದರು.

"ಸುತ್ತಿ ಇಡು ಅದನ್ನು!"

"ಅವಳು ಹೇಳಿ ಮುಗಿದಿಲ್ಲ ಮೇಡಂ," ಎಂದೆ. ಚಾರ್ಟಿನಿಂದ ಕೈ ಬಿಡಲಿಲ್ಲ. ಅಷ್ಟು ಜನರೆದುರು ಅವರು ಚಾರ್ಟನ್ನು ಕಿತ್ತುಕೊಳ್ಳಲಿಲ್ಲ. ಸಿತಿ ಕೊನೆಯ ಸಾಲಿನವರೆಗೂ ಹೇಳಿದಳು. ಕೇಳುತ್ತಿದ್ದವರ ಹಿಂದೆ ನನ್ನ ಅಪ್ಪನೂ ನಿಂತಿದ್ದರು, ತಮ್ಮ ಅಂಗಡಿ ಬಿಟ್ಟು ಬಂದಿದ್ದರು.

ಬಹುಮಾನ ಬರಲಿಲ್ಲ. ಮುಂದಿನ ವರ್ಷ ಸಿತಿಯ ಅಪ್ಪನ ಕೆಲಸ ಮುಗಿಯಿತು, ಅವರು ಊರಿಗೆ ಹೊರಟುಹೋದರು.

ನಾನೀಗ ಅದೇ ದೇಶದ ಸನದ್ ಊರಿನಲ್ಲಿದ್ದೇನೆ. ಆಫೀಸಿನ ಊಟದ ಮೇಜಿನಲ್ಲಿ ಯಾರಾದರೂ ಇನ್ನೊಬ್ಬರ ಧರ್ಮದ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರೆ ಈಗಲೂ ನಾನು ಸುಮ್ಮನಿರುವುದಿಲ್ಲ. ಎಲ್ಲರೂ ತಟ್ಟೆ ನೋಡುತ್ತಾರೆ. ಇಲ್ಲಿ ಮಾತಾಡುವವಳು ನಾನೊಬ್ಬಳೇ. ಅಂದು ಗೇಟಿನ ಪಕ್ಕ ನಾವು ಇಬ್ಬರಿದ್ದೆವು.